ಏಳೋ ಆರ್ವಿಡ್

ನಮ್ಮ ಬರ್ಚ್ ಹಾರ್ಬರ್ ಕಾಲೇಜಿನ ಐಸ್ ಹಾಕಿ ತಂಡ ಕಪ್ ಗೆದ್ದಿದ್ದು ಅಷ್ಟಕ್ಕಷ್ಟೇ. ಸಂಪ್ರದಾಯಗಳಿಗೆ ಮಾತ್ರ ಕೊರತೆಯಿಲ್ಲ. ಎದುರಾಳಿ ಹುಡುಗರ ಹೆಸರು ಮೈಕಿನಲ್ಲಿ ಬರುವಾಗ ವಿದ್ಯಾರ್ಥಿಗಳೆಲ್ಲ ಪೇಪರ್ ಬಿಡಿಸಿಕೊಂಡು ಓದುತ್ತಾ ಕೂತಂತೆ ನಟಿಸುತ್ತಾರೆ. ಗೆದ್ದ ದಿನ ಯಾರಾದರೂ ಓಡಿಹೋಗಿ ಲೂಥರನ್ ಚರ್ಚಿನ ಗಂಟೆ ಬಾರಿಸಲೇಬೇಕು, ಪಾದ್ರಿ ಎಷ್ಟೇ ಕೂಗಾಡಲಿ. ನಮ್ಮ ಗೋಲ್‌ಕೀಪರನನ್ನು ಪರೀಕ್ಷೆಯಲ್ಲಿ ಫೇಲು ಮಾಡಿದ ಮೇಷ್ಟ್ರ ಮನೆಯೆದುರಿನ ಹಿಮವನ್ನು ಆ ಚಳಿಗಾಲ ಯಾರೂ ಎತ್ತಿಕೊಡುವುದಿಲ್ಲ. ಇವೆಲ್ಲ ಸರಿಯೇ. ನಾನೂ ನಕ್ಕಿದ್ದೇನೆ.

ಆದರೆ ಇನ್ನೊಂದಿತ್ತು. ಆಟದ ಒಂದೊಂದು ಅವಧಿ ಮುಗಿದು ಸೈರನ್ ಮೊಳಗಿದ ಕೂಡಲೇ ಇಡೀ ಗ್ಯಾಲರಿ ಎದ್ದು ನಿಂತು ಒಂದೇ ಗಂಟಲಿನಲ್ಲಿ ಅರಚುತ್ತಿತ್ತು: "ಏಳೋ ಆರ್ವಿಡ್, ಏಳೋ!" ಅರಚಿದ ಮೇಲೆ ಕೇಕೆ, ಶಿಳ್ಳೆ. ಊರಿನ ಮಕ್ಕಳು ಸ್ಕೂಲಿನ ಬೆಲ್ ಹೊಡೆದರೂ ಅದನ್ನೇ ಕೂಗುತ್ತಿದ್ದವು. ಯಾರು ಈ ಆರ್ವಿಡ್ ಎಂದು ಕೇಳಿನೋಡಿ. ಒಬ್ಬ ಹೇಳುತ್ತಾನೆ, ಹಳೆಯ ಕೋಚ್ ಅಂತೆ. ಇನ್ನೊಬ್ಬಳು ಹೇಳುತ್ತಾಳೆ, ಅಂಗಣದಲ್ಲಿ ಹೆಪ್ಪುಗಟ್ಟಿ ಸತ್ತ ಕಾವಲುಗಾರನ ದೆವ್ವವಂತೆ. ಹೋದ ವರ್ಷ ಒಬ್ಬ ಹುಡುಗ ನನ್ನೆದುರೇ ಅಂದ, ಹಿಂದೆ ಇಲ್ಲೊಂದು ನಾಯಿ ಇತ್ತಂತೆ, ಯಾವಾಗಲೂ ಮಲಗಿರುತ್ತಿತ್ತಂತೆ.

ನಾಯಿಯಂತೆ! ಆರ್ವಿಡ್ ನಿಸ್ಕಾಲಾ ನನ್ನ ಒಡಹುಟ್ಟಿದ ಅಣ್ಣ. ಸತ್ತಿಲ್ಲ, ಬದುಕಿದ್ದಾನೆ. ಅವರು ಹಾಗೆ ಅರಚುವ ಹೊತ್ತಿಗೆ ಗೋಲಿನ ಬಲೆಯ ಹಿಂದಿನ ಗಾಜಿನ ಗೂಡಿನಲ್ಲಿ ಕೈಯಲ್ಲಿ ವೈರಿನ ತುದಿಯ ಗುಂಡಿ ಹಿಡಿದುಕೊಂಡು ಅವರಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ.

ಅವನು ಗೋಲ್ ತೀರ್ಪುಗಾರ. ಆಡುವ ಕಪ್ಪು ರಬ್ಬರ್ ಬಿಲ್ಲೆ ಗೆರೆ ದಾಟಿ ಬಲೆಯೊಳಗೆ ಬಂತೋ ಇಲ್ಲವೋ ನೋಡುವುದು, ಬಂದರೆ ಗುಂಡಿ ಒತ್ತಿ ಕೆಂಪು ದೀಪ ಹಚ್ಚುವುದು, ಅಷ್ಟೇ ಕೆಲಸ. ಸಂಬಳವಿಲ್ಲ. ಒಂದು ಲೋಟ ಕಾಫಿ ಬಿಟ್ಟಿ. ಅಪ್ಪ ತಾಮ್ರದ ಗಣಿಯಲ್ಲಿ ಕೆಮ್ಮಿ ಕೆಮ್ಮಿ ಹೋದ ಮೇಲೆ ಅಣ್ಣ ಓದು ಬಿಟ್ಟು ಮರದ ಮಿಲ್ಲಿಗೆ ಸೇರಿದ. ಕೆರೆಯ ಮೇಲೆ ಸ್ಕೇಟು ಕಟ್ಟಿ ಆಡಿದರೆ ಕಾಲೇಜಿನ ಹುಡುಗರನ್ನೂ ಮೀರಿಸುತ್ತಿದ್ದ, ಆದರೆ ಕಾಲೇಜಿನ ತಂಡಕ್ಕೆ ಆಡಬೇಕಾದರೆ ಕಾಲೇಜಿಗೆ ಹೋಗಬೇಕಲ್ಲ. ಗೂಡಿನಲ್ಲಿ ಕೂರುತ್ತಿದ್ದ ಹಳೆಯ ಅಂಚೆಯಣ್ಣ ತೀರಿಕೊಂಡಾಗ ಆ ಜಾಗ ಅಣ್ಣನಿಗೆ ಸಿಕ್ಕಿತು. ಅದೇನು ಸಂಭ್ರಮ ಅವನಿಗೆ! ಹೊಸ ಟೈ ಕೊಂಡುಕೊಂಡ.

ಗೂಡಿನಲ್ಲಿ ಕೂತವನಿಗೆ ಒಂದು ಕಟ್ಟುಪಾಡು. ಯಾವ ತಂಡದವರು ಗೋಲು ಹೊಡೆದರೂ ಕಲ್ಲಿನಂತಿರಬೇಕು. ನಗಬಾರದು, ಏಳಬಾರದು, ಕೈ ತಟ್ಟಬಾರದು. ಅಣ್ಣ ಹಾಗೇ ಇದ್ದ. ಅವನ ಪಾಲಿನದನ್ನೂ ಸೇರಿಸಿ ಕೂಗುವುದಕ್ಕೆ ನಮ್ಮ ಅತ್ತಿಗೆ ಐಲಿ ಇದ್ದಳು. ಅವಳನ್ನು ಅವನು ಮೊದಲು ನೋಡಿದ್ದೇ ಆ ಅಂಗಣದಲ್ಲಿ. ಅವಳ ಬಾಯಿಗೆ ರೆಫರಿಗಳು ಹೆದರುತ್ತಿದ್ದರು. ಫಿನ್ನಿಷ್ ಭಾಷೆಯಲ್ಲಿ ಎಷ್ಟು ಬೈಗುಳ ಇದೆ ಎಂಬುದು ನನಗೆ ಗೊತ್ತಾಗಿದ್ದೇ ಐಲಿಯ ಪಕ್ಕ ಕೂತು.

ಆ ಆಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಲೀಗಿನ ಫೈನಲ್, ನಮ್ಮದೇ ಅಂಗಣ, ಸರೋವರದಾಚೆಯ ಕಾಲೇಜಿನವರು ಎದುರಾಳಿಗಳು. ಸಮಸಮ ಇತ್ತು. ಕೊನೆಯ ಅವಧಿಯ ಕೊನೆಯ ಗಳಿಗೆಯಲ್ಲಿ ನಮ್ಮ ತಂಡದಲ್ಲಿದ್ದ ಒಂಟಾರಿಯೊದ ಹುಡುಗ ರೊಲಾಂಡ್ ಗಿಬೋ ಒಬ್ಬನೇ ಬಿಲ್ಲೆ ಹಿಡಿದು ನುಗ್ಗಿದ, ಹೊಡೆದ, ಸೈರನ್ ಮೊಳಗಿತು, ಬಿಲ್ಲೆ ಬಲೆಯಲ್ಲಿತ್ತು. ಎಲ್ಲಾ ಒಂದೇ ಉಸಿರಿನಲ್ಲಿ. ನಾವೆಲ್ಲ ಕುರ್ಚಿ ಹತ್ತಿ ಕುಣಿದೆವು. ಆಮೇಲೆ ನೋಡಿದರೆ ದೀಪ ಹಸಿರು.

ಅಂಗಣದ ವ್ಯವಸ್ಥೆಯೇ ಹಾಗೆ. ಗಡಿಯಾರ ಸೊನ್ನೆಗೆ ಬಂದರೆ ಹಸಿರು ದೀಪ ತಾನಾಗಿ ಹತ್ತುತ್ತದೆ. ಹಸಿರು ಹತ್ತಿದ ಮೇಲೆ ತೀರ್ಪುಗಾರ ಎಷ್ಟು ಒತ್ತಿದರೂ ಕೆಂಪು ಹತ್ತುವುದಿಲ್ಲ. ರೆಫರಿ ಗಾಜಿನ ಹತ್ತಿರ ಹೋಗಿ ಅಣ್ಣನನ್ನು ಏನೋ ಕೇಳಿದ, ಅಣ್ಣ ಏನೋ ಹೇಳಿದ, ರೆಫರಿ ಎರಡೂ ಕೈ ಅಡ್ಡ ಆಡಿಸಿದ. ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಅವರು ಗೋಲು ಹೊಡೆದರು, ಕಪ್ ಹೊತ್ತುಕೊಂಡು ಹೋದರು. ಅಷ್ಟು ಹತ್ತಿರ ನಮ್ಮ ತಂಡ ಮತ್ತೆಂದೂ ಹೋಗಲಿಲ್ಲ.

ಬಿಲ್ಲೆ ಮೊದಲೇ ದಾಟಿತ್ತು, ನಿಸ್ಕಾಲಾ ಗುಂಡಿ ಒತ್ತುವುದು ತಡಮಾಡಿದ, ನಿದ್ದೆ ಹೊಡೆಯುತ್ತಿದ್ದ ಎಂದು ಊರು ತೀರ್ಮಾನಿಸಿತು. ಮುಂದಿನ ಚಳಿಗಾಲದ ಮೊದಲ ಆಟದಲ್ಲಿ ಸೈರನ್ ಆದ ಕೂಡಲೇ ಯಾವನೋ ಪೋಲಿ ಕೂಗಿದ, "ಏಳೋ ಆರ್ವಿಡ್!" ಪಕ್ಕದವನು ಸೇರಿಸಿಕೊಂಡ. ಆಟ ಮುಗಿಯುವ ಹೊತ್ತಿಗೆ ಇಡೀ ಗ್ಯಾಲರಿ ಕೂಗುತ್ತಿತ್ತು. ಆ ಹುಡುಗರು ಓದಿ ಮುಗಿಸಿ ಹೋದರು, ಹೊಸಬರು ಬಂದು ಕಲಿತರು, ಅವರ ಮಕ್ಕಳೂ ಬಂದು ಕಲಿತರು. ಬೈಗುಳ ಹೋಗಿ ಸಂಪ್ರದಾಯ ಆಯಿತು.

"ಗೋಲ್ ಆಗಿತ್ತಾ ಆರ್ವಿಡ್?" ಎಂದು ಐಲಿ ಆವತ್ತು ನನ್ನೆದುರೇ ಕೇಳಿದ್ದಳು.

"ಹಸಿರು ಬಂದಿತ್ತು," ಎಂದ ಅಣ್ಣ.

ಅವಳಿಗೆ ಅಷ್ಟು ಸಾಕಾಯಿತು. ಊರಿನ ಮೇಲೆ ಸಮರ ಸಾರಿದಳು. ಕಿರಾಣಿ ಅಂಗಡಿಯಲ್ಲಿ, ಚರ್ಚಿನ ಊಟದಲ್ಲಿ, ಹೇರ್‌ ಕಟಿಂಗ್ ಮಾಡಿಸುವ ಕಡೆ, ಯಾರು ಬಾಯಿಬಿಟ್ಟರೂ ಅವರ ಗ್ರಹಚಾರ ಬಿಡಿಸಿದಳು. ನಾನೇನು ಕಮ್ಮಿಯೇ? ಜೀವದ ಗೆಳತಿ ಸಾರಾ ಮಾಕಿ "ಏನೋಪ್ಪಾ, ನಮ್ಮ ಯಜಮಾನ್ರು ಬಿಲ್ಲೆ ದಾಟಿದ್ದನ್ನ ನೋಡಿದ್ರಂತೆ" ಎಂದಳು ಅಷ್ಟೇ, ನಾನೇ ಮಾಡಿಕೊಟ್ಟಿದ್ದ ಪ್ಯಾಸ್ಟಿ ಕಡುಬಿನ ತಟ್ಟೆಯನ್ನು ಅವಳ ಕೈಯಿಂದ ವಾಪಸ್ ಕಿತ್ತುಕೊಂಡು ಬಂದೆ. ಅವತ್ತಿನಿಂದ ಮಾತಿಲ್ಲ.

ಐಲಿ ಜಗಳದಲ್ಲಿ ಒಬ್ಬರಿಗೂ ಸೋಲಲಿಲ್ಲ, ಆ ಕೂಗಿಗೆ ಸೋತಳು. ಗಂಡನ ಹೆಸರನ್ನು ಸಾವಿರಾರು ಜನ ಹಾಗೆ ಅರಚುವುದನ್ನು ಕೇಳಲಾಗದೆ ಆಟಕ್ಕೆ ಬರುವುದನ್ನೇ ಬಿಟ್ಟಳು. ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಕೇಳುತ್ತಿದ್ದಳು, ಅವಧಿ ಮುಗಿಯುವ ಸಮಯಕ್ಕೆ ಸರಿಯಾಗಿ ಎದ್ದು ಸದ್ದು ತಗ್ಗಿಸುತ್ತಿದ್ದಳು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಏರಿಸುತ್ತಿದ್ದಳು. ಆಟವೆಂದರೆ ಪ್ರಾಣ ಬಿಡುತ್ತಿದ್ದ ಹೆಂಗಸು ಸಾಯುವವರೆಗೂ ಆ ಅಂಗಣಕ್ಕೆ ಮತ್ತೆ ಕಾಲಿಡಲಿಲ್ಲ.

"ಬಿಟ್ಟಾಕೋ ಅಣ್ಣ ಆ ಗೂಡನ್ನ. ಯಾರಿಗೆ ಬೇಕಾಗಿದೆ?" ಎಂದು ಎಷ್ಟು ಸಲ ಬಡಿದುಕೊಂಡೆನೋ.

"ಬಿಟ್ರೆ ಓಡಿಹೋದ ಅಂತಾರೆ ಕಣೆ."

ಅಷ್ಟೇ. ಬಾಯಲ್ಲಿ ಬಟ್ಟೆ ತುರುಕಿಕೊಂಡವನಂತೆ ಕೂರುತ್ತಿದ್ದ. ಐಲಿ ಹೋದ ಮೇಲಂತೂ ಇರುವ ನಾಲ್ಕು ಮಾತೂ ನಿಂತವು. ಮಕ್ಕಳಿಲ್ಲ. ಮಿಲ್ಲಿನಿಂದ ನಿವೃತ್ತಿಯಾಗಿತ್ತು. ಕೆಫೆಯ ಕೌಂಟರಿನಲ್ಲಿ ಅವನ ಪಕ್ಕದ ಸ್ಟೂಲು ಖಾಲಿಯೇ ಇರುತ್ತಿತ್ತು. ಯಾರಿಗೂ ದ್ವೇಷವೇನೂ ಉಳಿದಿರಲಿಲ್ಲ, ಅಭ್ಯಾಸವಾಗಿಬಿಟ್ಟಿತ್ತು. ಶನಿವಾರ ಶನಿವಾರ ಹಿತ್ತಿಲಿನ ಸೌನಾಕ್ಕೆ ಸೌದೆ ಒಟ್ಟಿ ಬಿಸಿ ಮಾಡಿ ಒಬ್ಬನೇ ಹಬೆಯಲ್ಲಿ ಕೂತು ಬರುತ್ತಿದ್ದ. ನಮ್ಮಲ್ಲಿ ಒಬ್ಬನಿಗೋಸ್ಕರ ಸೌನಾ ಕಾಯಿಸುವವರನ್ನು ನಾನು ಬೇರೆ ನೋಡಿಲ್ಲ. ನನ್ನ ಸೊಂಟ ಕೆಟ್ಟುಹೋಗಿದೆ, ಮನೆ ಊರಿನ ಇನ್ನೊಂದು ತುದಿ, ವಾರಕ್ಕೊಮ್ಮೆ ಏಲಕ್ಕಿ ಬ್ರೆಡ್ಡು ಸುಟ್ಟುಕೊಂಡು ಹೋಗುತ್ತಿದ್ದೆ. ತಿಂದು "ಚೆನ್ನಾಗಿದೆ" ಅನ್ನುತ್ತಿದ್ದ. ಮತ್ತೆ ಕಿಟಕಿ ನೋಡುತ್ತಿದ್ದ.

ಹೀಗಿರುವಾಗ ಕಾಲೇಜಿನವರು ತಂಡದ ಹುಟ್ಟುಹಬ್ಬ ಮಾಡಲು ಹೊರಟರು. ಒಂದು ದಿನ ನಾನು ಅಣ್ಣನ ಮನೆಯಲ್ಲಿರುವಾಗಲೇ ಕೆಲ್ಸಿ ಎಂಬ ಹುಡುಗಿ ಬಂದಳು, ಕಾಲೇಜಿನ ಕ್ರೀಡಾ ಕಚೇರಿಯವಳು. ಬಾಗಿಲಲ್ಲೇ ಕಣ್ಣರಳಿಸಿ ನಿಂತಳು.

"ಅಯ್ಯೋ ದೇವ್ರೇ, ನೀವು ನಿಜವಾಗ್ಲೂ ಇದ್ದೀರಾ ಸರ್! ನಾವೆಲ್ಲಾ ಕಥೆ ಅಂದ್ಕೊಂಡಿದ್ವಿ!"

ಚೀಲದಿಂದ ಒಂದು ಟೀ-ಶರ್ಟ್ ತೆಗೆದು ಬಿಡಿಸಿದಳು. ಎದೆಯ ಮೇಲೆ ದೊಡ್ಡದಾಗಿ ಬರೆದಿತ್ತು, ಏಳೋ ಆರ್ವಿಡ್. ಕೆಳಗೆ ಗೊರಕೆ ಹೊಡೆಯುವ ಒಬ್ಬ ಮುದುಕನ ಚಿತ್ರ. ನನ್ನ ಮೈ ಉರಿದುಹೋಯಿತು.

"ಏನಮ್ಮಾ, ನಿಮ್ಮಜ್ಜನ ಚಿತ್ರ ಹಾಕಿಸ್ಕೊಳ್ಳೋದಲ್ವಾ?" ಎಂದೆ.

"ಲೆಂಪಿ," ಎಂದ ಅಣ್ಣ, ಸುಮ್ಮನಿರು ಎನ್ನುವಂತೆ.

ಆ ಹುಡುಗಿ ಕೆಟ್ಟವಳಲ್ಲ. ಮುಖ ಕೆಂಪಾಯಿತು. "ಅವಮಾನ ಅಲ್ಲ ಆಂಟಿ. ಆರ್ವಿಡ್ ಅಂದ್ರೆ ನಮ್ಗೆಲ್ಲಾ ಜೀವ. ಹಬ್ಬದ ದಿನ ಸರ್ ಅಂಗಣಕ್ಕೆ ಬರ್ಬೇಕು. ಗಿಬೋ ಅವ್ರೂ ಬರ್ತಿದಾರೆ. ಇಬ್ರನ್ನೂ ಜೊತೆಗೆ ನಿಲ್ಲಿಸಿ ಸನ್ಮಾನ."

ಅಣ್ಣ ಬಹಳ ಹೊತ್ತು ಆ ಅಂಗಿಯನ್ನೇ ನೋಡಿದ. ಆಮೇಲೆ ಕೇಳಿದ, "ಆ ಕೂಗು ನಿಲ್ಲಿಸಕ್ಕಾಗುತ್ತಾ?"

"ನಿಲ್ಲಿಸೋದಾ? ಅದೇ ಅಲ್ವಾ ಸರ್ ನಮ್ಮ ಹೆಮ್ಮೆ?"

ಅವಳು ಹೋದ ಮೇಲೆ, ಬರಲ್ಲ ಅಂತ ಹೇಳಿ ಕಳಿಸಬಾರದಿತ್ತೇ ಎಂದು ನಾನು ರೇಗಿದೆ. ಅವನು ತಟ್ಟೆಯಲ್ಲಿದ್ದ ಬ್ರೆಡ್ಡಿನ ಚೂರುಗಳನ್ನು ಬೆರಳಿನಲ್ಲಿ ಒಟ್ಟುಮಾಡುತ್ತಾ ಹೇಳಿದ, "ಹೋಗ್ತೀನಿ. ಮೈಕ್ ಕೊಟ್ರೆ ಅವ್ರನ್ನೇ ಕೇಳ್ಕೋತೀನಿ. ಸೈರನ್ ಆದ್ಮೇಲೆ ಅಂಗಣ ಸುಮ್ನಿರೋದನ್ನ ಒಂದ್ಸಲ ಕೇಳ್ಬೇಕು ಲೆಂಪಿ. ಸಾಯೋದ್ರೊಳಗೆ ಒಂದೇ ಒಂದ್ಸಲ."

ಹಬ್ಬದ ದಿನ ಮಧ್ಯಾಹ್ನ ಗಿಬೋ ಮನೆಗೇ ಬಂದ. ಆ ಪುಂಡ ಹುಡುಗ ಈಗ ಬೋಳುತಲೆಯ ನಿವೃತ್ತ ಮೇಷ್ಟ್ರು, ಮಂಡಿ ಎರಡೂ ಕೆಟ್ಟಿದ್ದವು. ಆ ಸಿಗದ ಗೋಲಿನ ಹೆಸರಿನಲ್ಲಿ ಎಲ್ಲಿ ಹೋದರೂ ಜನ ಅವನಿಗೆ ಬಿಯರ್ ಕೊಡಿಸುತ್ತಿದ್ದರಂತೆ. ನಾನು ಕಾಫಿ ಕೊಟ್ಟೆ. ಅಡುಗೆಮನೆಯ ಮೂಲೆಯಲ್ಲಿದ್ದ ಐಲಿಯ ರೇಡಿಯೋ ಕಡೆಗೆ ನೋಡಿ ಅವನೇ ಕೇಳಿದ:

"ಮನೆಯವ್ರು ಆಟಕ್ಕೆ ಬರ್ತಿದ್ರಲ್ವಾ? ನನಗೆ ನೆನಪಿದೆ, ರೆಫರಿಗೆ ಬೂಟ್ ಎಸೆದಿದ್ರು ಒಂದ್ಸಲ."

"ಕೈಗವಸು ಎಸೆದಿದ್ದು," ಎಂದ ಅಣ್ಣ. "ಆಮೇಲೆ ಬರ್ಲಿಲ್ಲ. ಆ ಕೂಗು ಅವಳಿಗೆ ಆಗ್ತಿರಲಿಲ್ಲ."

ಗಿಬೋ ಕಾಫಿ ಕೆಳಗಿಟ್ಟ. ನಿಮಗೇನು ಬೇಕು ನಿಸ್ಕಾಲಾ ಅವರೇ, ಇವತ್ತು ನನ್ನಿಂದ ಏನಾದರೂ ಆಗುತ್ತದೆಯೇ ಎಂದು ಕೇಳಿದ. ಅಣ್ಣ ನನಗೆ ಹೇಳಿದ್ದನ್ನೇ ಹೇಳಿದ. ಗಿಬೋ ಕಾಫಿ ಮುಗಿಸಿ ಎದ್ದ. ಹೊರಡುವಾಗ ಬಾಗಿಲಲ್ಲಿ ನಿಂತು ಅಣ್ಣನ ಕೈಯನ್ನು ಹಿಡಿದುಕೊಂಡೇ ಇದ್ದ.

ಸಂಜೆ ಅಂಗಣ ಕಿಕ್ಕಿರಿದಿತ್ತು. ಎರಡನೇ ಅವಧಿ ಶುರುವಾಗುವ ಮೊದಲು ಮಂಜುಗಡ್ಡೆಯ ಮೇಲೆ ಕೆಂಪು ಜಮಖಾನ ಹಾಸಿ ಇಬ್ಬರನ್ನೂ ನಿಲ್ಲಿಸಿದರು. ಅಣ್ಣ ಆ ಹಳೆಯ ಟೈ ಕಟ್ಟಿಕೊಂಡಿದ್ದ. ಗ್ಯಾಲರಿಯ ತುಂಬ ಗೊರಕೆ ಹೊಡೆಯುವ ಮುದುಕನ ಅಂಗಿಗಳು. ಗಿಬೋ ಮೈಕು ತೆಗೆದುಕೊಂಡ.

"ಒಂದು ವಿಷಯ ಹೇಳ್ಬೇಕಾಗಿದೆ," ಎಂದ. "ಆವತ್ತು ನಾನು ಹೊಡೆಯೋಷ್ಟ್ರಲ್ಲಿ ಸೈರನ್ ಆಗಿತ್ತು. ಕಿವಿಯಾರೆ ಕೇಳಿಸ್ಕೊಂಡಿದ್ದೆ. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ಇವ್ರದ್ದೇನೂ ತಪ್ಪಿಲ್ಲ. ಇವ್ರು ಸರಿಯಾಗೇ ಹೇಳಿದ್ರು."

 ಆಮೇಲೆ ಎಲ್ಲೋ ಮೂಲೆಯಲ್ಲಿ ಚಪ್ಪಾಳೆ ಶುರುವಾಗಿ ಇಡೀ ಅಂಗಣಕ್ಕೆ ಹಬ್ಬಿತು. ಜನ ಎದ್ದು ನಿಂತರು. ನನಗೆ ಅಳು ತಡೆಯಲಾಗಲಿಲ್ಲ. ನಾಲ್ಕು ಸಾಲು ಕೆಳಗೆ ಕೂತಿದ್ದ ಸಾರಾ ಮಾಕಿಯ ನೆತ್ತಿಯನ್ನೇ ನೋಡುತ್ತಾ, ಈಗೇನಂತೀಯೇ ಎಂದು ಮನಸ್ಸಿನಲ್ಲೇ ಕೇಳಿದೆ. ಐಲಿ ಇರಬೇಕಿತ್ತು ಎನಿಸಿತು. ಇದ್ದಿದ್ದರೆ ಎರಡೂ ಕೈಗವಸು ಎಸೆಯುತ್ತಿದ್ದಳು.

ಅಣ್ಣ ಮಾತ್ರ ಗಿಬೋನನ್ನೇ ನೋಡುತ್ತಿದ್ದ. ಚಪ್ಪಾಳೆ ಇನ್ನೂ ನಡೆಯುತ್ತಿರುವಾಗಲೇ ಕೈ ಚಾಚಿ ಮೈಕು ಕೇಳಿದ. ಗಿಬೋ ಬೇಡವೆನ್ನುವಂತೆ ತಲೆಯಾಡಿಸಿದ. ಅಣ್ಣ ಮೈಕನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ.

"ಇವನು ಒಳ್ಳೆಯವ್ನು," ಎಂದ. ಮೈಕಿನಲ್ಲಿ ಅವನ ಧ್ವನಿ ಯಾರದೋ ಎನ್ನುವಂತಿತ್ತು. "ಸುಳ್ಳು ಹೇಳ್ತಿದಾನೆ. ಬಿಲ್ಲೆ ಗೆರೆ ದಾಟಿತ್ತು. ಸೈರನ್‌ಗೆ ಮುಂಚೆನೇ ದಾಟಿತ್ತು. ನಾನು ನೋಡ್ದೆ. ನೋಡಿ ಎದ್ ನಿಂತ್ಬಿಟ್ಟೆ. ಎರಡೂ ಕೈ ಮೇಲಿತ್ತು. ಗೆದ್ವಿ ಅಂತ ಕುಣೀತಿದ್ದೆ. ಗುಂಡಿ ಕೈಯಲ್ಲಿರಲಿಲ್ಲ, ಜೋತಾಡ್ತಿತ್ತು. ಹಿಡ್ಕೊಂಡು ಒತ್ತೋಷ್ಟ್ರಲ್ಲಿ ಹಸಿರು ಬಂತು."

ಅಣ್ಣ ಮೈಕನ್ನು ಇನ್ನೊಂದು ಕೈಗೆ ಬದಲಿಸಿದ.

"ರೆಫರಿ ಬಂದು, ಮುಂಚೆ ದಾಟಿತಾ ಅಂತ ಕೇಳ್ದ. ಹಸಿರು ಬಂದಿತ್ತು ಅಂದೆ. ಅದೇನೋ ನಿಜ. ಆದ್ರೆ ಅವನು ಕೇಳಿದ್ದು ಅದಲ್ಲ. ಕುಣಿದೆ ಅಂತ ಹೇಳಿದ್ರೆ ಗೂಡು ಹೋಗ್ತಿತ್ತು. ನನ್ನ ಹೆಂಡ್ತಿಗೂ ಅದನ್ನೇ ಹೇಳ್ದೆ. ಅವಳು ನಂಬಿ ನಿಮ್ಮೆಲ್ಲರ ಹತ್ರ ಜಗಳ ಆಡಿದ್ಲು. ಅವಳನ್ನ ಯಾರೂ ಬೈಕೋಬೇಡಿ. ಅಷ್ಟೇ."

ಮೈಕನ್ನು ಗಿಬೋಗೆ ಕೊಟ್ಟು, ಜಾರದಂತೆ ನಿಧಾನವಾಗಿ ಹೆಜ್ಜೆಯಿಡುತ್ತಾ ಹೋಗಿ ತನ್ನ ಗೂಡಿನಲ್ಲಿ ಕೂತ. ಆಟ ಶುರುವಾಯಿತು. ಆ ಅವಧಿ ಯಾರು ಹೇಗೆ ಆಡಿದರೋ ನನಗೆ ಗೊತ್ತಿಲ್ಲ. ಕೊನೆಗೆ ಸೈರನ್ ಮೊಳಗಿತು, ಹಸಿರು ಹತ್ತಿತು. ಒಬ್ಬನೇ ಒಬ್ಬನೂ ಬಾಯಿಬಿಡಲಿಲ್ಲ. ಆಟಗಾರರ ಸ್ಕೇಟುಗಳು ಮಂಜುಗಡ್ಡೆ ಕೆರೆಯುವ ಸದ್ದು ಮೇಲಿನ ಸಾಲಿನವರೆಗೂ ಕೇಳಿಸಿತು.

ಕಾರಿನಲ್ಲಿ ಅವನಿಗೆ ಸರಿಯಾಗಿ ಮಂಗಳಾರತಿ ಮಾಡಿದೆ. "ನಿನ್ನ ಸಲುವಾಗಿ ಸಾರಾ ಜೊತೆ ಮಾತು ಬಿಟ್ಟೆನಲ್ಲೋ! ಅವಳ ಮಗಳ ಮದುವೆಗೂ ಹೋಗ್ಲಿಲ್ಲ! ಐಲಿ ಇಡೀ ಜೀವಮಾನ ಅಡುಗೆಮನೆಯಲ್ಲಿ ಕೂತ್ಲು! ಅವನೇ ಪಾಪ ತಪ್ಪು ತನ್ನ ಮೇಲೆ ಹಾಕ್ಕೊಂಡಿದ್ದ. ಜನ ಎದ್ ನಿಂತು ಚಪ್ಪಾಳೆ ಹೊಡೀತಿದ್ರು. ಸುಮ್ನೆ ತಗೊಳ್ಳೋದಲ್ವಾ?"

"ಅದು ಅವನ ಗೋಲು ಕಣೆ," ಎಂದ. "ಎರಡೆರಡು ಸಲ ಕಿತ್ಕೊಳ್ಳಕ್ಕಾಗುತ್ತಾ?"

 ಸಿಟ್ಟಂತೂ ಇತ್ತು, ಈಗಲೂ ಇದೆ. ಸಾರಾಳಿಗೆ ಫೋನ್ ಮಾಡಬೇಕು, ಇನ್ನೂ ಮಾಡಿಲ್ಲ.

ಮುಂದಿನ ಆಟದಲ್ಲೂ ಯಾರೂ ಕೂಗಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಹುಡುಗರೆಲ್ಲ ಸೇರಿ ಆ ಮುದುಕನಿಗೆ ಇನ್ನು ನೋವು ಕೊಡಬಾರದು ಎಂದು ತೀರ್ಮಾನಿಸಿದರಂತೆ. ಕೆಲ್ಸಿ ಮಾರಾಟವಾಗದ ಅಂಗಿಗಳನ್ನೆಲ್ಲ ಕಟ್ಟಿ ಒಳಗಿಟ್ಟಳಂತೆ. ಗೂಡನ್ನು ಅವನಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಕೆಫೆಯಲ್ಲಿ ಮರ್ಯಾದೆಯಿಂದ ತಲೆಯಾಡಿಸಿ ತಂತಮ್ಮ ಸ್ಟೂಲಿಗೆ ಹೋಗುತ್ತಿದ್ದರು. ಪಕ್ಕದ ಸ್ಟೂಲು ಹಾಗೇ ಖಾಲಿ. ಸೈರನ್ ಆಗುವುದು, ಹಸಿರು ಹತ್ತುವುದು, ಜನ ಸದ್ದಿಲ್ಲದೆ ಕಾಫಿಗೆ ಎದ್ದು ಹೋಗುವುದು, ಅವನು ಗುಂಡಿ ಹಿಡಿದು ಕೂತಿರುವುದು. ನಮ್ಮ ಸಂಪ್ರದಾಯಗಳಲ್ಲಿ ಒಂದು ಹೀಗೆ ಮುಗಿಯಿತು.

ಒಂದು ಭಾನುವಾರ ಬ್ರೆಡ್ಡು ತೆಗೆದುಕೊಂಡು ಹೋಗಿದ್ದೆ. ತಿನ್ನಲಿಲ್ಲ. ಸೊರಗಿಹೋಗಿದ್ದ.

"ಈಗಲಾದ್ರೂ ಸಮಾಧಾನನಾ? ಕೇಳಿದ್ದು ಸಿಕ್ತಲ್ಲ," ಎಂದೆ.

ಬ್ರೆಡ್ಡಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದ, "ಐಲಿ ಹೋದ್ಮೇಲೆ ನನ್ನನ್ನ ಹೆಸರು ಹಿಡಿದು ಕರೀತಿದ್ದೋರು ಅವರಷ್ಟೇ ಲೆಂಪಿ."

ನನಗೆ ರೇಗಿತು. "ಯಾಕೆ, ನಾನಿಲ್ವಾ? ನಾನು ಸತ್ತೋಗಿದೀನಾ?"

"ನೀನು ಅಣ್ಣ ಅಂತೀಯ," ಎಂದ.

ಆವತ್ತು ಮನೆಗೆ ಬಂದವಳಿಗೆ ಊಟ ಸೇರಲಿಲ್ಲ. ಮರುದಿನ ಬೆಳಗ್ಗೆ ಸೊಂಟ ಹಿಡಿದುಕೊಂಡೇ ಮತ್ತೆ ಅವನ ಮನೆಗೆ ಹೋದೆ. ಹಿಮದಲ್ಲಿ ನಿಂತು ಬಾಗಿಲು ಬಡಿದೆ. ಆರ್ವಿಡ್ ಎಂದು ಕರೆಯಬೇಕೆಂದು ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಂಡು ಬಂದಿದ್ದೆ. ಅದೇನು ದೊಡ್ಡ ಮಾತೇ? ಸಾವಿರಾರು ಹುಡುಗರು ಕೂಗಿದ್ದಾರೆ, ಇಡೀ ಊರು ಕೂಗಿದೆ. ಬಾಯಿ ತೆರೆದೆ. ಹೆಸರು ನಾಲಿಗೆಯವರೆಗೂ ಬಂತು, ಅಲ್ಲೇ ನಿಂತಿತು.

"ಅಣ್ಣಾ," ಎಂದೆ.

ಒಳಗೆ ಕುರ್ಚಿ ಸರಿದ ಸದ್ದಾಯಿತು. ಬಂದು ಬಾಗಿಲು ತೆರೆದ.